ರೊಟ್ಟಿ ಬಡಿದ ಬೆರಳು

“ಗೆರಿ ಅಳ್ಳಾಡವಲ್ದಲ್ರೀ,” ಎನ್ನುತ್ತ ಸಾಕ್ಷಿ, ಶಿವಲಿಂಗವ್ವನ ಎರಡು ಬೆರಳಿಗೆ ಸುತ್ತಿದ್ದ ತಂತಿಪಟ್ಟಿಯನ್ನು ಮತ್ತೊಮ್ಮೆ ಬಿಗಿದಳು. ಮನಸ್ಸು ಕುದಿದಾಗ ಮೈ ಏನು ಮಾಡುತ್ತದೆ ಎಂಬುದೇ ಆ ಹುಡುಗಿಯ ಸಂಶೋಧನೆ. ಸಿಟ್ಟು ಬಂದರೆ, ದುಃಖವಾದರೆ ಬೆರಳ ತುದಿ ಬೆವರುತ್ತದಂತೆ. ಕಣ್ಣಿಗೆ ಕಾಣದ ಆ ಬೆವರನ್ನು ಯಂತ್ರ ಹಿಡಿದು ಪರದೆಯ ಮೇಲೆ ಗೆರೆ ಏರಿಸುತ್ತದಂತೆ. ನೆಹರು ನಗರದ ಈ ಬಾಡಿಗೆ ಕೋಣೆಗೆ ಶಿವಲಿಂಗವ್ವ ಖಾನಾಪುರದಿಂದ ಬಸ್ಸು ಹತ್ತಿ ಬಂದದ್ದು ಅದಕ್ಕೇ.

ಎರಡು ವರ್ಷದಿಂದ ರೊಟ್ಟಿ ಬಡಿಯಲು ಒಲೆಯ ಮುಂದೆ ಕೂತರೆ ಸಾಕು, ಎದೆ ಹಿಡಿದುಕೊಳ್ಳುತ್ತಿತ್ತು. ಡಾಕ್ಟರು ಹೃದಯ ನೋಡಿ ಏನೂ ಇಲ್ಲ ಎಂದಿದ್ದರು. ಖಾನಾವಳಿ ನಡೆಸುವ ಮಗ ಗೌರೀಶ “ನಾಟಕ” ಎಂದಿದ್ದ. ಯಂತ್ರವಾದರೂ ಖರೇ ಅಂದೀತು, ಆ ಒಲೆಯಿಂದ ಬಿಡುಗಡೆಯಾದೀತು ಎಂಬ ಆಸೆ ಅವಳದು.

ಅದಕ್ಕೇ ಜೊತೆಗೆ ಬಂದಿದ್ದ ಮಗನ ಎದುರೇ ಎಲ್ಲ ಹೇಳಿಬಿಟ್ಟಿದ್ದಳು. ಎರಡು ವರ್ಷದ ಹಿಂದೆ ಬೀಡಿ ಊರಿನ ಮನೆಯಲ್ಲಿ ಗಂಡ ಬಸಲಿಂಗಪ್ಪ ತೀರಿಕೊಂಡ ದಿನ ಖಾನಾವಳಿಯಲ್ಲಿ ಮದುವೆಯ ಆರ್ಡರು, ಐನೂರು ರೊಟ್ಟಿ. ಮುಂಜಾನೆ ಹತ್ತಕ್ಕೇ ಗೌರೀಶನಿಗೆ ಸಾವಿನ ಸುದ್ದಿಯ ಫೋನು ಬಂದಿತ್ತು. ಕೊನೆಯ ರೊಟ್ಟಿ ಬೇಯುವವರೆಗೂ ಅವನು ತುಟಿ ಬಿಚ್ಚಲಿಲ್ಲ. ಅಷ್ಟರಲ್ಲಿ ಅವಳು, ಹಲ್ಲಿಲ್ಲದ ಗಂಡನಿಗೆಂದು ಎರಡು ಮೆತ್ತನೆಯ ರೊಟ್ಟಿ ಬೇರೆ ತೆಗೆದಿಟ್ಟಿದ್ದಳು.

ಇಷ್ಟು ಹೇಳಿದರೂ ಗೆರೆ ಬಿದ್ದಲ್ಲೇ ಬಿದ್ದಿತ್ತು.

“ನೋಡ್ರಿ ಮತ್ತ! ಮಿಷನ್ನಿಗೂ ಗೊತ್ತಾತು,” ಗೌರೀಶ ನಕ್ಕ. ಸಾಕ್ಷಿ ವಹಿಯಲ್ಲಿ ಏನೋ ಗೀಚಿದಳು.

“ಏನ್ ಬರದಿ ತಂಗಿ?” ಶಿವಲಿಂಗವ್ವ ಕೇಳಿದಳು.

“ನಿಮಗ… ಅಷ್ಟೇನು ತ್ರಾಸ ಆಗಿಲ್ಲಂತ ತೋರಸ್ತೈತ್ರಿ.”

ಶಿವಲಿಂಗವ್ವನಿಗೆ ಅಂಗಾಲಿನಿಂದ ನೆತ್ತಿಯವರೆಗೂ ಉರಿದುಹೋಯಿತು. “ಥೂ! ಮಗಾನೂ ಸುಳ್ಳಾ, ನಿನ್ನ ಮಿಷನ್ನೂ ಸುಳ್ಳಾ!” ಎಂದು ಪಟ್ಟಿ ಕಿತ್ತೆಸೆದಳು. ಗಂಟಲು ಒಣಗಿತ್ತು. ಆಗಷ್ಟೇ ಕುದಿಸಿ ತಂದಿಟ್ಟಿದ್ದ ಚಹಾದ ಸ್ಟೀಲ್ ಲೋಟವನ್ನು ಗಬಕ್ಕನೆ ಹಿಡಿದಳು.

“ಅಯ್ಯ, ಸುಡತೈತ್ರೀ!” ಲೋಟ ಕಸಿದುಕೊಳ್ಳಲು ಹೋದ ಸಾಕ್ಷಿ, ಮುಟ್ಟಿದೊಡನೆ ಕೈ ಹಿಂದೆಳೆದುಕೊಂಡಳು.

“ನನಗೇನ್ ಸುಡೂದು? ನಲವತ್ತ ವರ್ಷ ಹಂಚಿನ ಮ್ಯಾಲಿಂದ ಬರಿಗೈಲೇ ರೊಟ್ಟಿ ತಗದೇನಿ.”

ಸಾಕ್ಷಿ ಆ ಬೆರಳ ತುದಿಗಳನ್ನು ಉಗುರಿನಿಂದ ಒತ್ತಿ ನೋಡಿದಳು. ಹಳೆಯ ಚಪ್ಪಲಿಯ ತೊಗಲಿನಷ್ಟು ಗಟ್ಟಿಯಾಗಿದ್ದವು. ಅವಳ ಮುಖ ಸಣ್ಣದಾಯಿತು.

“ತಪ್ಪ ನಂದೈತ್ರಿ. ಇಂಥಾ ಚರ್ಮದಾಗ ಮಿಷನ್ನಿಗೆ ಬೆವರ ಸಿಗೂದಿಲ್ಲ. ಮೊದಲ ಕೈ ನೋಡಬೇಕಿತ್ತು ನಾ.”

ಬರೆದದ್ದನ್ನು ಹೊಡೆದುಹಾಕಿ, ನೆಲದ ಮೇಲೆ ಕೂತು, ಬೆರಳಿನ ಹಾಗೇ ಬೆವರುವ ಶಿವಲಿಂಗವ್ವನ ಅಂಗಾಲಿನ ಒಳಮಗ್ಗುಲ ಮೆತ್ತನೆಯ ಜಾಗಕ್ಕೆ ಪಟ್ಟಿ ಅಂಟಿಸಿದಳು. ಪ್ರಶ್ನೆ ಕೇಳಲು ಇನ್ನೂ ಬಾಯಿ ತೆರೆದಿರಲಿಲ್ಲ.

“ಸಾಕ ಏಳವ್ವಾ, ಸಂಜಿಗೆ ಮುನ್ನೂರ ರೊಟ್ಟಿ ಆರ್ಡರ್ ಐತಿ,” ಎಂದ ಗೌರೀಶ.

ಗೆರೆ ಸರ್ರನೆ ಎದ್ದು ಪರದೆಯ ಅಂಚು ಮುಟ್ಟಿತು. ಸಾಕ್ಷಿ ಪರದೆಯನ್ನು ಅವನತ್ತ ತಿರುಗಿಸಿದಳು. ಅಷ್ಟರಲ್ಲಿ ಅವನ ಕಿಸೆಯಲ್ಲಿದ್ದ ಫೋನು ಬಡಿದುಕೊಳ್ಳತೊಡಗಿತು.

“ತಗೀಯೋ,” ಎಂದಳು ಶಿವಲಿಂಗವ್ವ. “ಈ ಸಲ ಯಾರ್ ಸತ್ತಾರ, ಈಗ ಹೇಳು.”

ಗೌರೀಶ ತೆಗೆಯಲಿಲ್ಲ. ಫೋನು ಬಡಿದುಕೊಂಡಷ್ಟು ಹೊತ್ತೂ ಗೆರೆ ಕೆಳಗಿಳಿಯಲಿಲ್ಲ.