ಫೋಟೋದ ರೊಟ್ಟಿ

ನಾನು ಉಡಚಮ್ಮ. ಕುಕನೂರಿನ ಖಾನಾವಳಿಯಲ್ಲಿ ಇಪ್ಪತ್ತು ವರ್ಷ ಜೋಳದ ರೊಟ್ಟಿ ಬಡಿದವಳು. ನನ್ನ ರೊಟ್ಟಿ ಚಲೋ ಇಲ್ಲವೆಂದು ಹೆಸರಿಟ್ಟವರು ಯಾರೂ ಇಲ್ಲ. ಆ ಸುದ್ದಿ ಕೇಳಿಯೇ ಆನೆಗೊಂದಿಯ ರೆಸಾರ್ಟಿನ ಮ್ಯಾನೇಜರ್ ಶರಣಕುಮಾರ ನನ್ನನ್ನು ಕರೆಸಿಕೊಂಡ. ಊಟದ ಅಂಗಳದಲ್ಲಿ ಒಲೆ ಹಾಕಿಸಿ, ಮೇಲೆ ಕಟ್ಟಿಗೆಯಲ್ಲಿ ಕೆತ್ತಿಸಿದ ಬೋರ್ಡು ತೂಗುಹಾಕಿದ: ‘ಉಡಚಮ್ಮನ ಕೈರೊಟ್ಟಿ’. ದೇಶ ನೋಡಲು ಬಂದವರು ಸುತ್ತ ನಿಂತು ಫೋಟೋ ಹೊಡೆದರೆ, ಸುಳ್ಳೇಕೆ, ನಾನೂ ಉಬ್ಬುತ್ತಿದ್ದೆ. ಬೆಂದ ರೊಟ್ಟಿಗಳನ್ನು ಬಡಿಸಲೆಂದು ಹುಡುಗರು ಅಡುಗೆಮನೆಗೆ ಒಯ್ಯುತ್ತಿದ್ದರು.

ಮೊದಲ ದಿನ ಗ್ಲೌಸು ಕೊಟ್ಟಿದ್ದ. ಹಿಟ್ಟು ಎಷ್ಟು ತೆಳುವಾಯಿತೆಂದು ಅಂಗೈ ಚರ್ಮಕ್ಕೇ ಗೊತ್ತಾಗಬೇಕು. ರಬ್ಬರಿಗೆ ಅಂಟಿ ಮೂರು ರೊಟ್ಟಿ ಹರಿದವು. ಗ್ಲೌಸು ಕಿತ್ತೆಸೆದೆ. ‘ಆತು ಬಿಡು ಯಮ್ಮಾ, ಬರಿಗೈಲೇ ಬಡಿ’ ಎಂದ. ಗೆದ್ದೆ ಅಂದುಕೊಂಡೆ. ನನ್ನಂಥ ಹುಚ್ಚಿ ಇನ್ನೊಬ್ಬಳಿಲ್ಲ.

ಎಂಟನೇ ದಿನ ಹನುಮಸಾಗರದ ಕೊಟ್ರಬಸಪ್ಪ ಮಾಸ್ತರು ಮಗಳ ಸಂಗಡ ಊಟಕ್ಕೆ ಬಂದರು. ಖಾನಾವಳಿಯಲ್ಲಿ ವರ್ಷಗಟ್ಟಲೆ ನನ್ನ ರೊಟ್ಟಿ ಉಂಡವರು. ಊಟದ ನಡುವೆ ಎದ್ದು, ರೊಟ್ಟಿಯ ತುಂಡು ಹಿಡಿದುಕೊಂಡು ಒಲೆಯ ಹತ್ತಿರ ಬಂದರು.

‘ಉಡಚವ್ವ, ನಿನ್ನ ಕೈಗೆ ಏನಾತವ್ವಾ? ರಟ್ಟು ತಿಂದಂಗ ಆಗಾಕತ್ತೈತಿ.’

ತುಂಡು ನೋಡಿದೆ. ಅಂಚು ಬ್ಲೇಡಿನಲ್ಲಿ ಕೊಯ್ದಂತೆ ನುಣುಪು. ಮೇಲೆ ಒಂದು ಬೆರಳಿನ ಗುರುತೂ ಇಲ್ಲ.

ಅಡುಗೆಮನೆಗೆ ನುಗ್ಗಿದೆ. ಗಂಗಾವತಿಯಿಂದ ಬಂದ ಮಷಿನ್ ರೊಟ್ಟಿಯ ಪಾಕೀಟುಗಳು ಎದೆಯೆತ್ತರ ಪೇರಿಸಿದ್ದವು. ಎಂಜಲಿನ ಡ್ರಮ್ಮಿನಲ್ಲಿ, ಸಾರಿನಲ್ಲಿ ತೊಯ್ದು, ಇನ್ನೂ ಬಿಸಿಯಾರದ ನನ್ನ ರೊಟ್ಟಿಗಳು. ರೊಟ್ಟಿಯ ಚೂರು ಕಾಲಿಗೆ ತಗುಲಿದರೆ ಎತ್ತಿ ಕಣ್ಣಿಗೊತ್ತಿಕೊಳ್ಳುವ ಮಂದಿ ನಾವು. ಮೈಯೆಲ್ಲ ಉರಿದುಹೋಯಿತು.

ನನ್ನ ಕೂಗಾಟ ಕೇಳಿ ಶರಣಕುಮಾರ ಓಡಿ ಬಂದ. ‘ಯಾಕ ಒದರ್ತಿ? ಬರಿಗೈಲೇ ಬಡಿದದ್ದು ದೊಡ್ಡ ಮಂದಿಗೆ ಕೊಡಾಕ ಬರಂಗಿಲ್ಲ, ಸ್ವಚ್ಛ ಇರಂಗಿಲ್ಲ. ನಿನ್ನ ರೊಟ್ಟಿ ಫೋಟೋಕ್ಕ ಅಷ್ಟ. ಪಗಾರ ಬರತೈತಲ್ಲ?’

‘ನಿಮ್ಮವ್ವ ಗ್ಲೌಸು ಹಾಕ್ಕೊಂಡು ಉಣಿಸಿದ್ಲೇನೋ ನಿನಗ? ನನ್ನ ರೊಟ್ಟಿ ಎಂಜಲಿಗೆ ಹಾಕ್ತಿ, ಮಂದಿಗೆ ರಟ್ಟು ತಿನಿಸ್ತಿ, ಮ್ಯಾಲ ಹೆಸರು ನಂದು ಹಚ್ಚೀಯಲ್ಲೋ!’

ಅಂಗಳಕ್ಕೆ ಬಂದು ಬೋರ್ಡು ಕಿತ್ತೆ. ಕಲ್ಲಿಗೆ ಕುಕ್ಕಿ ಎರಡು ಹೋಳು ಮಾಡಿ ಒಲೆಗೆ ತುರುಕಿದೆ. ಪ್ರವಾಸಿಗರು ಫೋನು ಎತ್ತಿದರು. ಇದೂ ಆಟದ ಭಾಗವೆಂದು ತಿಳಿದಿರಬೇಕು. ತಿಳಿಯಲಿ. ಕಟ್ಟಿಗೆ ಒಣಗಿತ್ತು, ಛಲೋ ಉರಿಯಿತು.

ಆ ಉರಿಯ ಮೇಲೆ ಒಂದೇ ಒಂದು ರೊಟ್ಟಿ ಬಡಿದು ಬೇಯಿಸಿ ಮಾಸ್ತರ ಕೈಗೆ ಕೊಟ್ಟೆ. ನಿಂತಲ್ಲೇ ಮುರಿದು ಬಾಯಿಗಿಟ್ಟುಕೊಂಡರು.

‘ಹಾಂ,’ ಎಂದರು. ‘ಇದು ನಿಂದು.’