ತೊಂಬತ್ತೊಂಬತ್ತು ಮಣಿ

ಎರಡನೇ ತರಗತಿಯ ಟೀಚರ್ ವಾರವಿಡೀ ಕಲಿಸಬೇಕಾದದ್ದು ಮೂರು: ಕಾಗುಣಿತ, ಕೂಡು-ಕಳೆ, ಒಳ್ಳೆಯತನ. ಮೊದಲೆರಡಕ್ಕೆ ಪುಸ್ತಕವಿತ್ತು. ಮೂರನೆಯದಕ್ಕೆ ಅವಳೇ ಒಂದು ಉಪಾಯ ಹೂಡಿದ್ದಳು. ಕಿಟಕಿಯ ಕಟ್ಟೆಯ ಮೇಲೊಂದು ಗಾಜಿನ ಭರಣಿ. ಯಾರಿಗಾದರೂ ಸಹಾಯ ಮಾಡಿದವರು ಮಾಡಿದ್ದನ್ನು ಬೋರ್ಡಿನ ಮೇಲೆ ತಪ್ಪಿಲ್ಲದೆ ಬರೆದು ಒಂದು ಮಣಿ ಹಾಕಬೇಕು. ಶುಕ್ರವಾರ ಊಟದ ಗಂಟೆಯೊಳಗೆ ನೂರು ತುಂಬಿದರೆ ಇಡೀ ತರಗತಿಗೆ ಪಾರ್ಕು, ಜಾರುಬಂಡೆ.

"ಒಳ್ಳೇತನಕ್ಕೆ ಕೂಲಿ ಕೊಟ್ರೆ ಮಕ್ಕಳು ಕೂಲಿ ಎಣಿಸೋದು ಕಲೀತಾರೆ, ಅಷ್ಟೇ ಕಣಮ್ಮ," ಎಂದಿದ್ದರು ಹೆಡ್ ಮೇಡಂ.

"ಇಲ್ಲ ಮೇಡಂ, ಒಳ್ಳೇತನಾನೇ ಕಲೀತಾರೆ. ಶುಕ್ರವಾರ ನೀವೇ ಬಂದು ನೋಡಿ," ಎಂದು ಎದೆ ತಟ್ಟಿಕೊಂಡು ಹೇಳಿ ಬಂದಿದ್ದಳು ಟೀಚರ್.

ಅವಳು ಚಾಪೆ ಕೆಳಗೆ ತೂರಿದರೆ ಮಕ್ಕಳು ರಂಗೋಲಿ ಕೆಳಗೆ ತೂರಿದರು. ಇದರ ಹಿಂದಿದ್ದವಳು ಎಲ್ಲರೂ ಮ್ಯಾನೇಜರ್ ಎಂದು ಕರೆಯುತ್ತಿದ್ದ ಹುಡುಗಿ. ಮುಂದಿನ ಹಲ್ಲೆರಡು ಬಿದ್ದಿದ್ದವು, ದರ್ಪಕ್ಕೇನೂ ಕಮ್ಮಿಯಿರಲಿಲ್ಲ. "ನೀನು ಪೆನ್ಸಿಲ್ ಬೀಳ್ಸು, ಅವಳು ಎತ್ಕೊಡ್ತಾಳೆ. ಡುಮ್ಮಾ, ನೀನು ಬಾಗ್ಲ ಹತ್ರ ಬೀಳು. ಅಳೋಕೆ ಹೋಗ್ಬೇಡ, ಟೈಮ್ ವೇಸ್ಟು." ಡುಮ್ಮ ಬೀಳುವುದರಲ್ಲಿ ಎಂಥ ಪಳಗಿದ ಕೈ ಎಂದರೆ ಸಪಾಟು ನೆಲದಲ್ಲೂ ಎಡವುತ್ತಿದ್ದ. ಒತ್ತಕ್ಷರ ಕಂಡರೆ ಬೆವರುತ್ತಿದ್ದವರು 'ಎತ್ತಿಕೊಟ್ಟೆ' ಎಂದು ಠೀವಿಯಿಂದ ಬರೆದರು. ಬೆರಳು ಮಡಚಿ ಲೆಕ್ಕ ಮಾಡುತ್ತಿದ್ದವರು ನೂರರಲ್ಲಿ ಎಷ್ಟು ಕಮ್ಮಿ ಎಂಬುದನ್ನು ಬಾಯಲ್ಲೇ ಹೇಳಿದರು. ಟೀಚರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೆಡ್ ಮೇಡಂ ಹೇಳಿದ್ದೇ ನಿಜವಾಗಿಬಿಟ್ಟಿತಲ್ಲ ಎಂದು ಒಳಗೊಳಗೇ ಕುಗ್ಗಿದಳು.

ಶುಕ್ರವಾರ ಬಂತು. ಭರಣಿಯಲ್ಲಿ ತೊಂಬತ್ತೊಂಬತ್ತು ಮಣಿ. ಊಟದ ಗಂಟೆಗೆ ಇನ್ನೇನು ಸ್ವಲ್ಪವೇ ಹೊತ್ತು. ಉಕ್ತಲೇಖನದ ನಡುವೆ ಹೊಸದಾಗಿ ಸೇರಿದ್ದ ಪುಟಾಣಿಯೊಬ್ಬಳು ಬಾಯಿ ಮುಚ್ಚಿಕೊಂಡು ಹೊರಗೋಡಿದಳು. ಮ್ಯಾನೇಜರ್ ಪೆನ್ಸಿಲ್ ಬಿಸಾಕಿ, ಕೇಳದೆ ಮಾಡದೆ ಹಿಂದೆಯೇ ಓಡಿದಳು.

ಟೀಚರ್ ಹೋಗಿ ನೋಡಿದರೆ ಪುಟಾಣಿ ನಲ್ಲಿಯ ಬಳಿ ಬಗ್ಗಿ ವಾಂತಿ ಮಾಡುತ್ತಿದ್ದಳು. ಅದರಲ್ಲರ್ಧ ಮ್ಯಾನೇಜರಳ ಬೂಟಿನ ಮೇಲೇ ಬಿದ್ದಿತ್ತು. ಅವಳು ಒಂದು ಕೈಯಲ್ಲಿ ಪುಟಾಣಿಯ ಜಡೆ ಹಿಡಿದು, ಇನ್ನೊಂದರಲ್ಲಿ ಬೆನ್ನು ಸವರುತ್ತಿದ್ದಳು. "ಆಯ್ತು, ಆಯ್ತು. ನಂಗೂ ಬಸ್ಸಲ್ಲಿ ಹಿಂಗೇ ಆಗಿತ್ತು. ಯಾರಿಗೂ ಹೇಳಲ್ಲ ಕಣೇ, ಅಳ್ಬೇಡ."

ಟೀಚರ್ ನಲ್ಲಿ ತಿರುಗಿಸಿದಳು. ಇಬ್ಬರನ್ನೂ ತೊಳೆದು ಒರೆಸಿ ಕರೆತಂದಾಗ ಹೆಡ್ ಮೇಡಂ ಬಾಗಿಲಲ್ಲೇ ನಿಂತಿದ್ದರು. ಟೀಚರ್ ಸಡಗರದಿಂದ ಒಂದು ಮಣಿ ತೆಗೆದು ಮ್ಯಾನೇಜರಳ ಮುಂದೆ ಹಿಡಿದಳು.

"ತಗೋ. ಬೋರ್ಡಲ್ಲಿ ಬರೆದು ಹಾಕು."

ಹುಡುಗಿ ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟಳು.

"ಯಾಕೇ? ಪಾರ್ಕಿಗೆ ಹೋಗೋದು ಬೇಡ್ವಾ?"

ಮ್ಯಾನೇಜರ್ ಒಮ್ಮೆ ಪುಟಾಣಿಯ ಕಡೆ ನೋಡಿ, ಟೀಚರ್ ಸೆರಗು ಹಿಡಿದು ಬಗ್ಗಿಸಿ ಕಿವಿಯಲ್ಲಿ ಹೇಳಿದಳು. ಪಿಸುಮಾತೇ, ಆದರೆ ಹಲ್ಲಿಲ್ಲದ ಬಾಯಿ, ಬಾಗಿಲವರೆಗೂ ಕೇಳಿತು. "ಬೋರ್ಡಲ್ಲಿ ಬರೆದ್ರೆ ಎಲ್ರಿಗೂ ಗೊತ್ತಾಗಲ್ವಾ ಮಿಸ್? ನಾನು ಹೇಳಲ್ಲ ಅಂದಿದೀನಿ. ಅದೂ ಅಲ್ದೆ, ಅದು ನಿಜವಾಗ್ಲೂ ಮಾಡಿದ್ದು. ಮಣಿಗೆ ಬೇರೆ ಮಾಡ್ತೀವಿ, ಒಂಚೂರು ಇರಿ."

ಅವಳು ತಿರುಗಿ ಕಣ್ಸನ್ನೆ ಮಾಡಿದಳು. ಡುಮ್ಮ ಬೆಂಚಿನಿಂದ ದೊಪ್ಪೆಂದು ಬಿದ್ದ.

ಮಕ್ಕಳು ಏಳುವ ಮೊದಲೇ ಹೆಡ್ ಮೇಡಂ ದಡದಡ ಒಳಗೆ ಬಂದು ಅವನ ರಟ್ಟೆ ಹಿಡಿದು ಎತ್ತಿ ನಿಲ್ಲಿಸಿದರು. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ದುಂಡಗೆ 'ಎತ್ತಿದೆ' ಎಂದು ಬರೆದರು.

"ತಪ್ಪಿಲ್ಲ ತಾನೇ?" ಎಂದು ಮಕ್ಕಳನ್ನು ಕೇಳಿ, ಮಣಿಗಾಗಿ ಟೀಚರ್ ಕಡೆ ಕೈ ಚಾಚಿದರು.