ಜೀಪಿನ ಎರಡನೇ ಬಾಗಿಲು

ಗುಡ್ಡ ಹತ್ತಿಸಲೆಂದು ಹಳೇ ಜೀಪಿಗೆ ಹೊಸ ಮೈ ಕಟ್ಟುತ್ತಿದ್ದರು ಆರ್.ಕೆ.ಪುರಂ ಕ್ವಾರ್ಟರ್ಸಿನ ಹೆಡ್ ಕ್ಲರ್ಕ್ ತಿಪ್ಪೇಸ್ವಾಮಿ. ಮಗಳ ಕಂಪ್ಯೂಟರ್ ಬಂದಿದ್ದ ಡಬ್ಬದ ರಟ್ಟಿನಲ್ಲಿ ಎಡಬಾಗಿಲಿನ ಅಚ್ಚು ತೆಗೆದು, ಅದರಂತೆ ತಗಡು ಕತ್ತರಿಸಿ, ಅಂಚನ್ನು ಒಳಕ್ಕೆ ಮಡಿಚಿ ಬಡಿದರು. ಭೇಷಾಗಿ ಕೂತಿತು. ಅದೇ ಹುರುಪಿನಲ್ಲಿ ಅದೇ ಅಚ್ಚಿಟ್ಟು ಬಲಬಾಗಿಲನ್ನೂ ಮುಗಿಸಿದರು. ಜೀಪಿಗೆ ಹಿಡಿದು ನೋಡಿದರೆ ಮಡಿಚಿದ ಅಂಚೆಲ್ಲ ಹೊರಗೆ!

ಚಹಾ ತಂದ ಹೆಂಡತಿ ಶೈಲಜಾ ನಕ್ಕುಬಿಟ್ಟರು. "ರವಿಕೆಗೆ ಎರಡನೇ ತೋಳು ಕತ್ತರಿಸೋವಾಗ ನಾನು ಅಚ್ಚನ್ನ ಮಗುಚಿ ಇಟ್ಕೋತೀನಿ ಕಣ್ರೀ. ನೀವು ಎರಡೂ ಎಡಬಾಗಿಲೇ ಮಾಡಿದೀರಲ್ಲ!"

"ಅಳತೇಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ರೆ ತೋರಿಸು," ಎಂದು ರೇಗಿದರು ತಿಪ್ಪೇಸ್ವಾಮಿ.

"ಎಲ್ಲಿಂದ ಬರುತ್ತೆ? ಇಪ್ಪತ್ತು ವರ್ಷ ಟ್ರೂ ಕಾಪಿ ತೆಗೆದ ಕೈ! ಗೆಜೆಟೆಡ್ ಆಫೀಸರ್ ಹತ್ರ ಒಂದು ಸಹಿನೂ ಹಾಕಿಸಿಬಿಡಿ."